ವಿಕಿರಣ ಮೂಲ ಈಗ ಎಲ್ಲಿದೆ? ಪ್ರಾಸ್ಟೇಟ್ ಬ್ರಾಕಿಥೆರಪಿಯಲ್ಲಿ ಸ್ಥಾನ ಪರಿಶೀಲನೆಯ ಕುರಿತು

ಪ್ರಾಸ್ಟೇಟ್ ಕ್ಯಾನ್ಸರಿಗೆ ದೇಹದ ಒಳಗಿನಿಂದಲೇ ವಿಕಿರಣ ಕೊಡುವ ಬ್ರಾಕಿಥೆರಪಿಯ ಬಗ್ಗೆ ಮಾತು ಬಂದಾಗ ಯಾವ ಮೂಲವನ್ನು ಬಳಸುತ್ತಾರೆ, ಎಷ್ಟು ಡೋಸ್ ಕೊಡುತ್ತಾರೆ, ಅಡ್ಡಪರಿಣಾಮಗಳೇನು ಎಂಬಲ್ಲಿಗೆ ಚರ್ಚೆ ಸಾಮಾನ್ಯವಾಗಿ ನಿಂತುಬಿಡುತ್ತದೆ. ಈ ಚಿಕಿತ್ಸೆಯ ಭೌತವಿಜ್ಞಾನದ ಭಾಗವನ್ನು ನೋಡಿಕೊಳ್ಳುವ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆಯೇ ಇದೆ. ಮೂಲವನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸಿದ್ದೆವೋ ಅದು ನಿಜಕ್ಕೂ ಅಲ್ಲಿಯೇ ಇದೆಯೇ, ಅದನ್ನು ನಾವು ಯಾವಾಗ, ಯಾವ ಸಾಧನದಿಂದ ನೋಡಿ ಖಚಿತಪಡಿಸಿಕೊಂಡೆವು ಎಂಬುದೇ ಆ ಪ್ರಶ್ನೆ. ಇದರಲ್ಲಿ ‘ಯಾವಾಗ’ ಎಂಬುದಕ್ಕೆ ನಾನು ಹೆಚ್ಚಿನ ಒತ್ತು ಕೊಡುತ್ತೇನೆ. ಏಕೆಂದರೆ ಇನ್ನೂ ಏನನ್ನಾದರೂ ಸರಿಪಡಿಸಲು ಅವಕಾಶವಿರುವಾಗ ನಡೆದ ಪರಿಶೀಲನೆಗೂ ಎಲ್ಲವೂ ಮುಗಿದ ಮೇಲೆ ದಾಖಲೆಗಾಗಿ ನಡೆದ ಪರಿಶೀಲನೆಗೂ ರೋಗಿಯ ಪಾಲಿಗೆ ಬಹಳ ದೊಡ್ಡ ಅಂತರವಿದೆ.

ಸ್ಥಾನಕ್ಕೆ ಇಷ್ಟೊಂದು ಮಹತ್ವ ಬರಲು ಎರಡು ಕಾರಣಗಳಿವೆ. ಮೊದಲನೆಯದು ದೇಹರಚನೆ. ಪ್ರಾಸ್ಟೇಟ್ ಗ್ರಂಥಿಯ ಮೇಲ್ಭಾಗಕ್ಕೆ ಮೂತ್ರಕೋಶ ಅಂಟಿಕೊಂಡಿದೆ. ಹಿಂಭಾಗದಲ್ಲಿ ಕೆಲವೇ ಮಿಲಿಮೀಟರ್ ದೂರದಲ್ಲಿ ಗುದನಾಳದ ಗೋಡೆಯಿದೆ. ಮೂತ್ರನಾಳವಂತೂ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. ಗ್ರಂಥಿಯ ಪ್ರತಿ ಮೂಲೆಗೂ ಸಾಕಷ್ಟು ವಿಕಿರಣ ತಲುಪಬೇಕು, ಈ ಮೂರು ಅಂಗಗಳಿಗೆ ಸಾಧ್ಯವಾದಷ್ಟು ಕಡಿಮೆ ತಲುಪಬೇಕು. ಎರಡನೆಯದು ದೂರದ ನಿಯಮ. ಚಿಕ್ಕ ಮೂಲವೊಂದರಿಂದ ಬರುವ ಡೋಸ್ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಮೂತ್ರನಾಳದಿಂದ 5 ಮಿ.ಮೀ. ದೂರದಲ್ಲಿ ಇರಬೇಕಾದ ಮೂಲ 3 ಮಿ.ಮೀ. ದೂರಕ್ಕೆ ಸರಿದರೆ, ಆ ಒಂದು ಮೂಲ ಆ ಜಾಗಕ್ಕೆ ಕೊಡುವ ಡೋಸ್ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಅನೇಕ ಮೂಲಗಳು ಸೇರಿ ಡೋಸ್ ಕೊಡುವುದರಿಂದ ಒಂದರ ತಪ್ಪು ಉಳಿದವುಗಳ ನಡುವೆ ಸ್ವಲ್ಪ ಮಟ್ಟಿಗೆ ಕರಗಿಹೋಗುತ್ತದೆ ಎಂಬುದು ನಿಜ. ಆದರೆ ಎಲ್ಲವೂ ಒಂದೇ ದಿಕ್ಕಿಗೆ ಸರಿದಿದ್ದರೆ ಆ ಸಮಾಧಾನಕ್ಕೂ ಎಡೆಯಿಲ್ಲ, ಮತ್ತು ವಾಸ್ತವದಲ್ಲಿ ಆಗುವ ಗಂಭೀರ ತಪ್ಪುಗಳಲ್ಲಿ ಹೆಚ್ಚಿನವು ಇಂಥವೇ.

ಮೂಲ ಎಲ್ಲಿ ಹೋಗುತ್ತಿದೆ ಎಂಬುದನ್ನು ಕಣ್ಣಿನಿಂದ ನೋಡಲಾಗದ ಕಾಲವೊಂದಿತ್ತು. 1917ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಬೆಂಜಮಿನ್ ಬ್ಯಾರಿಂಜರ್ ಅವರು ಗುದನಾಳದಲ್ಲಿ ಬೆರಳಿಟ್ಟು, ಸ್ಪರ್ಶವೊಂದನ್ನೇ ಆಧಾರವಾಗಿಸಿಕೊಂಡು ರೇಡಿಯಂ ತುಂಬಿದ ಸೂಜಿಗಳನ್ನು ಪ್ರಾಸ್ಟೇಟ್‌ಗೆ ತಲುಪಿಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅದೇ ನಗರದಲ್ಲಿ ವಿಟ್ಮೋರ್ ಮತ್ತು ಅವರ ಸಹೋದ್ಯೋಗಿಗಳು ಹೊಟ್ಟೆಯ ಕೆಳಭಾಗವನ್ನು ತೆರೆದು ಅಯೋಡಿನ್-125 ಸೀಡ್‌ಗಳನ್ನು, ಅಂದರೆ ಕಾಳಿನಂಥ ಪುಟ್ಟ ವಿಕಿರಣ ಮೂಲಗಳನ್ನು, ಕೈಯಿಂದಲೇ ನೆಟ್ಟರು. ಆಗಲೂ ಸೂಜಿಯ ತುದಿ ಗ್ರಂಥಿಯೊಳಗೆ ಎಲ್ಲಿದೆ ಎಂಬುದು ಊಹೆಯೇ ಆಗಿತ್ತು. ಒಂದು ಕಡೆ ಸೀಡ್‌ಗಳು ಗುಂಪುಗೂಡಿ ಇನ್ನೊಂದು ಕಡೆ ಖಾಲಿ ಉಳಿಯುತ್ತಿದ್ದುದರಿಂದ ದೀರ್ಘಾವಧಿಯ ಫಲಿತಾಂಶಗಳು ನಿರಾಸೆ ತಂದವು, ವಿಧಾನವೂ ಹಿಂದೆ ಸರಿಯಿತು. 1983ರಲ್ಲಿ ಡೆನ್ಮಾರ್ಕಿನ ಹೋಲ್ಮ್ ಮತ್ತು ಸಂಗಡಿಗರು ಗುದನಾಳದ ಅಲ್ಟ್ರಾಸೌಂಡಿನ ಮಾರ್ಗದರ್ಶನದಲ್ಲಿ, ವೃಷಣಚೀಲಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದ ಮೂಲಕ ಸೂಜಿ ಹಾಕುವ ವಿಧಾನವನ್ನು ಪ್ರಕಟಿಸಿದ ಮೇಲೆ ಬ್ರಾಕಿಥೆರಪಿಗೆ ಮರುಜೀವ ಬಂದಿತು. ಅಯೋಡಿನ್ ಅದೇ, ಗ್ರಂಥಿಯೂ ಅದೇ. ಹೊಸದಾಗಿ ಬಂದದ್ದು ಸೂಜಿಯನ್ನು ನೋಡುವ ಸಾಮರ್ಥ್ಯ. ಈ ಚಿಕಿತ್ಸೆಯ ಇತಿಹಾಸದಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ತೋರುವ ಸಂಗತಿ ಇದು.

ಇಂದು ಎರಡು ಬಗೆಯ ಬ್ರಾಕಿಥೆರಪಿ ಬಳಕೆಯಲ್ಲಿದೆ, ಮತ್ತು ಪರಿಶೀಲನೆಯ ಸ್ವರೂಪ ಎರಡರಲ್ಲೂ ಬೇರೆ ಬೇರೆ. ಒಂದರಲ್ಲಿ ಸುಮಾರು 4.5 ಮಿ.ಮೀ. ಉದ್ದ, 0.8 ಮಿ.ಮೀ. ದಪ್ಪದ ಟೈಟಾನಿಯಂ ಕವಚದ ಸೀಡ್‌ಗಳನ್ನು ಗ್ರಂಥಿಯಲ್ಲಿ ಶಾಶ್ವತವಾಗಿ ಬಿಡುತ್ತಾರೆ. ಗ್ರಂಥಿಯ ಗಾತ್ರಕ್ಕೆ ತಕ್ಕಂತೆ ಅವುಗಳ ಸಂಖ್ಯೆ ಹಲವು ಹತ್ತುಗಳಿಂದ ನೂರನ್ನು ಮೀರುವವರೆಗೂ ಇರಬಹುದು. ಇನ್ನೊಂದರಲ್ಲಿ ಟೊಳ್ಳು ಸೂಜಿಗಳನ್ನು ಹಾಕಿ, ತಂತಿಯ ತುದಿಗೆ ಬೆಸೆದ ಒಂದೇ ಒಂದು ಪ್ರಬಲ ಇರಿಡಿಯಂ-192 ಮೂಲವನ್ನು ಯಂತ್ರದ ಮೂಲಕ ಒಂದೊಂದು ಸೂಜಿಯೊಳಗೂ ಕಳುಹಿಸಿ, ನಿಗದಿತ ಸ್ಥಾನಗಳಲ್ಲಿ ನಿಗದಿತ ಸೆಕೆಂಡುಗಳಷ್ಟು ನಿಲ್ಲಿಸಿ, ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಸೀಡ್‌ಗಳ ವಿಷಯವನ್ನು ಮೊದಲು ನೋಡೋಣ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅಲ್ಟ್ರಾಸೌಂಡ್ ಪ್ರೋಬ್ ಗುದನಾಳದಲ್ಲಿರುತ್ತದೆ, ಅದನ್ನು ಹಿಡಿದ ಚೌಕಟ್ಟಿಗೆ 5 ಮಿ.ಮೀ. ಅಂತರದಲ್ಲಿ ರಂಧ್ರಗಳಿರುವ ಟೆಂಪ್ಲೇಟ್ ಜೋಡಿಸಿರುತ್ತಾರೆ, ಯಾವ ರಂಧ್ರದಿಂದ ಯಾವ ಆಳಕ್ಕೆ ಯಾವ ಸೂಜಿ ಹೋಗಬೇಕೆಂಬುದು ಯೋಜನೆಯಲ್ಲಿ ಬರೆದಿರುತ್ತದೆ. ರಂಧ್ರವು ಎಡ-ಬಲ ಮತ್ತು ಮೇಲೆ-ಕೆಳಗೆ ಎಂಬ ಎರಡು ದಿಕ್ಕುಗಳನ್ನು ಹಿಡಿದಿಡುತ್ತದೆ. ಆಳವೆಂಬ ಮೂರನೆಯ ದಿಕ್ಕನ್ನು ಹಿಡಿದಿಡಲು ಯಾವ ಚೌಕಟ್ಟೂ ಇಲ್ಲ. ಹೀಗಾಗಿ ಆಳದಲ್ಲಿಯೇ ತಪ್ಪುಗಳು ಹೆಚ್ಚು. ಮೂತ್ರಕೋಶಕ್ಕೆ ತಾಗಿರುವ ಗ್ರಂಥಿಯ ಬುಡದ ಸಮತಲವನ್ನು ಸೊನ್ನೆಯೆಂದು ಗುರುತಿಸಿ ಉಳಿದ ಎಲ್ಲ ಆಳಗಳನ್ನೂ ಅಲ್ಲಿಂದ ಅಳೆಯುತ್ತಾರೆ. ಆದರೆ ಸೂಜಿ ಒಳಹೋಗುವಾಗ ಗ್ರಂಥಿಯು ಅದರೊಂದಿಗೆ ಮೇಲಕ್ಕೆ ಸರಿಯುತ್ತದೆ, ಸ್ವಲ್ಪ ತಿರುಗುವುದೂ ಉಂಟು, ಊದಿಕೊಳ್ಳುತ್ತಲೂ ಇರುತ್ತದೆ. ಮೊದಲ ಸೂಜಿಯ ಹೊತ್ತಿನಲ್ಲಿ ಗುರುತಿಸಿದ ಸೊನ್ನೆಯು ಹತ್ತನೆಯ ಸೂಜಿಯ ಹೊತ್ತಿಗೆ ಸೊನ್ನೆಯಾಗಿ ಉಳಿದಿರಲಾರದು. ಅನುಭವಿ ತಂಡಗಳು ಉದ್ದಸೀಳಿನ ಚಿತ್ರದಲ್ಲಿ ಬುಡವನ್ನು ಮತ್ತೆ ಮತ್ತೆ ನೋಡಿಕೊಳ್ಳುವುದು ಇದೇ ಕಾರಣಕ್ಕೆ.

ಸೂಜಿ ಸರಿಯಾದ ಜಾಗಕ್ಕೆ ಹೋಯಿತೆಂದ ಮಾತ್ರಕ್ಕೆ ಸೀಡ್ ಸರಿಯಾದ ಜಾಗದಲ್ಲಿ ಉಳಿಯಿತೆಂದು ಹೇಳಲಾಗದು. ಮೊದಲೇ ತುಂಬಿದ ಸೂಜಿಯಿಂದ ಸೀಡ್‌ಗಳನ್ನು ಬಿಡುವಾಗ ಒಳಗಿನ ಕಡ್ಡಿಯನ್ನು ಅಲುಗಾಡದಂತೆ ಹಿಡಿದು ಹೊರಗಿನ ಸೂಜಿಯನ್ನು ಅದರ ಮೇಲಿನಿಂದ ಹಿಂದಕ್ಕೆ ಎಳೆಯಬೇಕು. ಕಡ್ಡಿಯನ್ನು ತಳ್ಳಿದರೆ ಸೀಡ್‌ಗಳು ಮುಂದಕ್ಕೆ, ಕೆಲವೊಮ್ಮೆ ಮೂತ್ರಕೋಶದೊಳಕ್ಕೇ ಹೋಗಿಬಿಡುತ್ತವೆ. ಸೂಜಿಯನ್ನು ವೇಗವಾಗಿ ಎಳೆದರೆ ಅದರ ಹಿಂದಿನ ಹೀರುವಿಕೆಗೆ ಸಿಕ್ಕಿ ಸೀಡ್‌ಗಳು ಸೂಜಿಯ ಜಾಡಿನಲ್ಲೇ ಕೆಳಕ್ಕೆ ಜಾರುತ್ತವೆ. ಸೀಡ್‌ಗಳನ್ನು ಕರಗುವ ದಾರದಲ್ಲಿ ಸಾಲಾಗಿ ಪೋಣಿಸಿ ಹಾಕುವುದರಿಂದ ಈ ಜಾರುವಿಕೆಯೂ, ಬಿಡಿ ಸೀಡ್ ಸುತ್ತಲಿನ ರಕ್ತನಾಳಗಳಿಗೆ ಸೇರಿ ಶ್ವಾಸಕೋಶಕ್ಕೆ ತಲುಪುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಶ್ವಾಸಕೋಶಕ್ಕೆ ಹೋದ ಒಂದೆರಡು ಸೀಡ್‌ಗಳಿಂದ ತೊಂದರೆಯಾಗುವುದು ಅಪರೂಪ. ಆದರೂ ಎದೆಯ ಎಕ್ಸ್-ರೇಯಲ್ಲಿ ಅವನ್ನು ಹುಡುಕಿ ಲೆಕ್ಕಕ್ಕೆ ಸೇರಿಸುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಎದೆಯಲ್ಲಿ ಸಿಕ್ಕ ಸೀಡ್ ಗ್ರಂಥಿಯಲ್ಲಿ ಇಲ್ಲದ ಸೀಡ್.

ಅಲ್ಟ್ರಾಸೌಂಡ್ ಒಂದನ್ನೇ ನಂಬಿ ಕೊಠಡಿಯಿಂದ ಹೊರಬರುವುದು ನನಗೆ ಒಪ್ಪಿಗೆಯಿಲ್ಲ. ಅದು ಗ್ರಂಥಿಯ ಅಂಚನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ರಕ್ತಸ್ರಾವ, ಸುಣ್ಣದ ಕಲೆಗಳು, ಮುಂದಿನ ಸೀಡಿನ ನೆರಳು ಇವುಗಳ ನಡುವೆ ಪ್ರತಿ ಸೀಡನ್ನೂ ಗುರುತಿಸಲು ಅದಕ್ಕೆ ಸಾಧ್ಯವಾಗುವುದಿಲ್ಲ. ಎಕ್ಸ್-ರೇ ಫ್ಲೂರೋಸ್ಕೋಪಿಯ ಗುಣ ಇದಕ್ಕೆ ತದ್ವಿರುದ್ಧ: ಗ್ರಂಥಿ ಅದರಲ್ಲಿ ಕಾಣುವುದೇ ಇಲ್ಲ, ಸೀಡ್‌ಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ಮೂತ್ರಕೋಶದಲ್ಲಿ ಕ್ಯಾಥೆಟರಿನ ಬಲೂನಿಗೆ ಎಕ್ಸ್-ರೇಯಲ್ಲಿ ಕಾಣುವ ದ್ರವ ತುಂಬಿಸಿದ್ದರೆ ಗ್ರಂಥಿಯ ಬುಡ ಎಲ್ಲಿದೆ ಎಂಬುದಕ್ಕೆ ಅಲ್ಟ್ರಾಸೌಂಡಿನ ಹಂಗಿಲ್ಲದ ಇನ್ನೊಂದು ಗುರುತು ಸಿಕ್ಕಿದಂತಾಗುತ್ತದೆ. ಸೀಡ್‌ಗಳ ಗುಂಪು ಬಲೂನಿಗೆ ಇರಬೇಕಾದಷ್ಟು ಹತ್ತಿರವಿಲ್ಲದೆ ಒಟ್ಟಾಗಿ ಕೆಳಗೆ ಇಳಿದಿದ್ದರೆ ಅದು ಆ ಕ್ಷಣವೇ ಕಣ್ಣಿಗೆ ಬೀಳುತ್ತದೆ. ರೋಗಿಯಿನ್ನೂ ಅರಿವಳಿಕೆಯಲ್ಲಿರುವಾಗಲೇ ಖಾಲಿ ಉಳಿದ ಭಾಗಕ್ಕೆ ಹೆಚ್ಚುವರಿ ಸೀಡ್ ಹಾಕಬಹುದು. ಕೊನೆಯಲ್ಲಿ ಸಿಸ್ಟೋಸ್ಕೋಪಿ (ಮೂತ್ರನಾಳದ ಮೂಲಕ ದರ್ಶಕ ನಳಿಕೆ ಹಾಕಿ ಒಳಗೆ ನೋಡುವ ಪರೀಕ್ಷೆ) ಮಾಡಿ ಮೂತ್ರಕೋಶದಲ್ಲಿ ಬಿದ್ದ ಸೀಡ್‌ಗಳನ್ನು ಹೊರತೆಗೆಯುವ ಪದ್ಧತಿಯೂ ಇದೆ. ಕೊಠಡಿಯ ನೆಲ, ಬಟ್ಟೆ, ಕಸದ ಚೀಲ, ಬಳಸಿದ ಸೂಜಿಗಳು ಎಲ್ಲವನ್ನೂ ಸರ್ವೇ ಮೀಟರಿನಿಂದ ನೋಡಿ, ತಂದ ಸೀಡ್‌ಗಳು, ಹಾಕಿದವು, ಉಳಿದವು ಈ ಮೂರರ ಲೆಕ್ಕ ಒಂದಕ್ಕೊಂದು ತಾಳೆಯಾದ ಮೇಲೆಯೇ ಕೊಠಡಿಯನ್ನು ಬಿಟ್ಟುಕೊಡಬೇಕು.

ಇಷ್ಟಾದರೂ ಅಂತಿಮ ಉತ್ತರ ಆ ದಿನ ಸಿಗುವುದಿಲ್ಲ. ಸೂಜಿಗಳ ಗಾಯದಿಂದ ಗ್ರಂಥಿ ಊದಿಕೊಂಡು ಸೀಡ್‌ಗಳು ಒಂದರಿಂದೊಂದು ದೂರವಾಗುತ್ತವೆ, ಊತ ಇಳಿದಂತೆ ಮತ್ತೆ ಹತ್ತಿರವಾಗುತ್ತವೆ. ಮರುದಿನವೇ ಸಿ.ಟಿ. ತೆಗೆದು ಲೆಕ್ಕ ಹಾಕಿದರೆ ಡೋಸ್ ನಿಜಕ್ಕಿಂತ ಕಡಿಮೆಯಿದ್ದಂತೆ ಕಾಣಬಹುದು. ಹೀಗಾಗಿ ಅಮೆರಿಕದ ವೈದ್ಯಕೀಯ ಭೌತತಜ್ಞರ ಸಂಘವು 2009ರ ತನ್ನ ವರದಿಯಲ್ಲಿ ಅಯೋಡಿನ್-125ಕ್ಕೆ ಸುಮಾರು ಒಂದು ತಿಂಗಳ ನಂತರ, ಪಲ್ಲಾಡಿಯಂ-103ಕ್ಕೆ ಸುಮಾರು 16 ದಿನಗಳ ನಂತರ, ಸೀಸಿಯಂ-131ಕ್ಕೆ ಸುಮಾರು 10 ದಿನಗಳ ನಂತರ ಚಿತ್ರ ತೆಗೆದು ಡೋಸ್ ಲೆಕ್ಕ ಹಾಕಬೇಕೆಂದು ಸೂಚಿಸಿತು. ಮೂಲಕ್ಕೊಂದು ದಿನವೇಕೆ ಎಂಬುದನ್ನು ಅವುಗಳ ಅರ್ಧಾಯುಷ್ಯ, ಅಂದರೆ ಶಕ್ತಿ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಹೇಳುತ್ತದೆ. ಅಯೋಡಿನ್‌ನದು 59.4 ದಿನ, ಪಲ್ಲಾಡಿಯಂನದು 17 ದಿನ, ಸೀಸಿಯಂನದು 9.7 ದಿನ. 30ನೇ ದಿನಕ್ಕೆ ಅಯೋಡಿನ್ ತನ್ನ ಒಟ್ಟು ಡೋಸಿನ ಸುಮಾರು 30 ಪ್ರತಿಶತವನ್ನಷ್ಟೇ ಕೊಟ್ಟಿರುತ್ತದೆ. ಅದೇ ದಿನಕ್ಕೆ ಪಲ್ಲಾಡಿಯಂ ಸುಮಾರು 70 ಪ್ರತಿಶತವನ್ನೂ ಸೀಸಿಯಂ 90 ಪ್ರತಿಶತಕ್ಕೆ ಹತ್ತಿರವನ್ನೂ ಕೊಟ್ಟು ಮುಗಿಸಿರುತ್ತವೆ. ಊತ ಇಳಿಯಲಿ ಎಂದು ಕಾಯಬೇಕು, ಡೋಸ್ ಮುಗಿಯುವವರೆಗೆ ಕಾಯಬಾರದು. ಈ ಎರಡರ ನಡುವೆ ಆಯ್ದುಕೊಂಡ ದಿನಗಳು ಅವು, ಮತ್ತು ಸೂಚಿಸಿದ ದಿನದಲ್ಲೇ ಪರೀಕ್ಷಿಸಿದರೂ ಪಲ್ಲಾಡಿಯಂ ಮತ್ತು ಸೀಸಿಯಂಗಳಲ್ಲಿ ಸುಮಾರು ಅರ್ಧದಷ್ಟು ಡೋಸ್ ಅಷ್ಟರಲ್ಲಿ ಹೋಗಿಯೇ ಬಿಟ್ಟಿರುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಡೆಯುವ ಪರಿಶೀಲನೆಯನ್ನು ನಂತರದ ಸಿ.ಟಿ. ಇದೆಯಲ್ಲ ಎಂದು ಸಡಿಲಿಸಬಾರದೆನ್ನುವ ನನ್ನ ಅಭಿಪ್ರಾಯಕ್ಕೆ ಈ ಅಂಕಿಗಳೇ ಆಧಾರ.

ಆ ಸಿ.ಟಿ.ಯಲ್ಲಿ ಮಾಡುವ ಕೆಲಸವೂ ನೋಡಲು ತೋರುವಷ್ಟು ಸರಳವಲ್ಲ. ಒಂದೇ ಸೀಡ್ ಎರಡು ಪಕ್ಕದ ಸೀಳುಗಳಲ್ಲಿ ಕಾಣಿಸಿಕೊಂಡು ಎರಡೆಂದು ಎಣಿಕೆಯಾಗಬಹುದು. ಒಂದಕ್ಕೊಂದು ತಾಗಿದ ಎರಡು ಸೀಡ್‌ಗಳು ಒಂದೆಂದು ಎಣಿಕೆಯಾಗಬಹುದು. ತಂತ್ರಾಂಶ ಕಂಡುಹಿಡಿದ ಸಂಖ್ಯೆಯನ್ನು ಹಾಕಿದ ಸಂಖ್ಯೆಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಒಂದೊಂದನ್ನೇ ಕೈಯಿಂದ ಸರಿಪಡಿಸಬೇಕಾಗುತ್ತದೆ. ಗ್ರಂಥಿಯ ಗಡಿಯನ್ನು ಗುರುತಿಸುವುದು ಇನ್ನೂ ಕಷ್ಟ. ಸಿ.ಟಿ.ಯಲ್ಲಿ ಪ್ರಾಸ್ಟೇಟ್ ಮತ್ತು ಸುತ್ತಲಿನ ಅಂಗಾಂಶ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಕಾಣುವುದರಿಂದ ಗ್ರಂಥಿಯನ್ನು ಇರುವುದಕ್ಕಿಂತ ದೊಡ್ಡದಾಗಿ ಬರೆಯುವ ಪ್ರವೃತ್ತಿ ಎಲ್ಲರಲ್ಲೂ ಇದೆ. ಎಂ.ಆರ್.ಐ. ಗ್ರಂಥಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಅದರಲ್ಲಿ ಸೀಡ್‌ಗಳು ಬರೀ ಕಪ್ಪು ಖಾಲಿ ಜಾಗಗಳು. ಎರಡನ್ನೂ ತೆಗೆದು ಒಂದರ ಮೇಲೊಂದು ಹೊಂದಿಸಿ, ಸೀಡನ್ನು ಸಿ.ಟಿ.ಯಿಂದಲೂ ಗಡಿಯನ್ನು ಎಂ.ಆರ್.ಐ.ಯಿಂದಲೂ ಪಡೆಯುವುದು ಸಾಧ್ಯವಿರುವಲ್ಲೆಲ್ಲ ಉತ್ತಮ ಮಾರ್ಗ.

ಈ ಲೆಕ್ಕದಿಂದ ಹೊರಬರುವ ಮುಖ್ಯ ಅಂಕಿಯನ್ನು ಡಿ-90 ಎನ್ನುತ್ತಾರೆ. ಗ್ರಂಥಿಯ 90 ಪ್ರತಿಶತ ಭಾಗಕ್ಕೆ ಕನಿಷ್ಠ ಎಷ್ಟು ಡೋಸ್ ಸಿಕ್ಕಿದೆ ಎಂಬುದನ್ನು ಅದು ಸೂಚಿಸುತ್ತದೆ. ಅಯೋಡಿನ್ ಸೀಡ್‌ಗಳನ್ನೇ ಏಕೈಕ ಚಿಕಿತ್ಸೆಯಾಗಿ ಕೊಡುವಾಗ ನಿಗದಿಪಡಿಸುವ ಡೋಸ್ ಸಾಮಾನ್ಯವಾಗಿ 145 ಗ್ರೇ (ಗ್ರೇ ಎಂಬುದು ವಿಕಿರಣ ಡೋಸಿನ ಅಳತೆ). ಡಿ-90 ಸುಮಾರು 140 ಗ್ರೇಗಿಂತ ಮೇಲಿದ್ದವರಲ್ಲಿ ರೋಗ ಹೆಚ್ಚು ಚೆನ್ನಾಗಿ ಹತೋಟಿಗೆ ಬರುತ್ತದೆ ಎಂಬುದು 1990ರ ದಶಕದ ಅಂತ್ಯದಿಂದ ಗೊತ್ತಿರುವ ಸಂಗತಿ. ಆದರೆ ಈ ಒಂದು ಅಂಕಿಯನ್ನು ನೋಡಿ ಕಡತ ಮುಚ್ಚುವುದು ಸರಿಯಲ್ಲ. ಸರಾಸರಿಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿರುವಾಗಲೂ ಬಿಟ್ಟುಹೋದ ಆ ಸಣ್ಣ ಭಾಗ ಗೆಡ್ಡೆ ಇರುವ ಜಾಗದಲ್ಲೇ ಇದ್ದಿರಬಹುದು. ಎಷ್ಟು ಭಾಗಕ್ಕೆ ಕಡಿಮೆಯಾಗಿದೆ ಎಂಬುದಕ್ಕಿಂತ ಯಾವ ಭಾಗಕ್ಕೆ ಕಡಿಮೆಯಾಗಿದೆ ಎಂದು ಚಿತ್ರದ ಮೇಲೆ ಕಣ್ಣಾಡಿಸಿ ನೋಡುವ ತಾಳ್ಮೆ ಇಲ್ಲಿ ಬೇಕು. ಕೊರತೆ ಗಣನೀಯವಾಗಿದ್ದರೆ ಆ ಭಾಗಕ್ಕೆ ಮತ್ತೆ ಸೀಡ್ ಹಾಕುವುದೋ, ಹೊರಗಿನಿಂದ ವಿಕಿರಣ ಕೊಡುವುದೋ, ಅಥವಾ ಕಾದು ನೋಡುವುದೋ ಎಂಬುದನ್ನು ವೈದ್ಯರು ರೋಗಿಯೊಂದಿಗೆ ಮಾತನಾಡಿ ತೀರ್ಮಾನಿಸುತ್ತಾರೆ.

ಈ ಲೆಕ್ಕವನ್ನು ಮಾಡದೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಫಿಲಡೆಲ್ಫಿಯಾದ ನಿವೃತ್ತ ಯೋಧರ ಆಸ್ಪತ್ರೆಯ ಪ್ರಕರಣ ಸಾಕ್ಷಿಯಾಗಿದೆ. 2002ರಿಂದ 2008ರವರೆಗೆ ಅಲ್ಲಿ ನಡೆದ 116 ಸೀಡ್ ಚಿಕಿತ್ಸೆಗಳಲ್ಲಿ ತೊಂಬತ್ತಕ್ಕೂ ಹೆಚ್ಚು ದೋಷಪೂರ್ಣವಾಗಿದ್ದವೆಂದು ನಂತರದ ತನಿಖೆಯಲ್ಲಿ ತಿಳಿದುಬಂದಿತು. ಹಲವರಲ್ಲಿ ಸೀಡ್‌ಗಳು ಗ್ರಂಥಿಯನ್ನು ಬಿಟ್ಟು ಮೂತ್ರಕೋಶದಲ್ಲಿ ಅಥವಾ ಅಕ್ಕಪಕ್ಕದ ಅಂಗಾಂಶದಲ್ಲಿ ಬಿದ್ದಿದ್ದವು. ಕಂಪ್ಯೂಟರುಗಳ ನಡುವಿನ ಸಂಪರ್ಕದ ತೊಂದರೆಯಿಂದಾಗಿ ಸುಮಾರು ಒಂದು ವರ್ಷ ಕಾಲ ನಂತರದ ಡೋಸ್ ಲೆಕ್ಕವೇ ನಡೆಯದೆ, ಚಿಕಿತ್ಸೆ ಮಾತ್ರ ಮುಂದುವರಿದಿತ್ತು. 2010ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗವು 2,27,500 ಡಾಲರ್ ದಂಡವನ್ನು ಪ್ರಸ್ತಾಪಿಸಿತು. ಸೂಜಿ ಹಾಕುವವರ ಕೈಯಲ್ಲಿ ತಪ್ಪಾಗುವುದನ್ನು ಪೂರ್ಣವಾಗಿ ತಡೆಯಲಾಗದು. ಆದರೆ ಹಿಂದಿನವರ ಫಲಿತಾಂಶ ಕಣ್ಣೆದುರಿಗಿದ್ದಿದ್ದರೆ ಅದೇ ತಪ್ಪು ಮುಂದಿನ ರೋಗಿಗೆ, ಅವರ ಮುಂದಿನವರಿಗೆ ದಾಟುತ್ತಾ ಹೋಗುತ್ತಿರಲಿಲ್ಲ. ಈ ಪ್ರಕರಣದ ವಿವರಗಳನ್ನು ಓದುವಾಗ ನನಗೆ ಇಂದಿಗೂ ಅತೀವ ನೋವಾಗುತ್ತದೆ, ಏಕೆಂದರೆ ಉತ್ತರ ಕೊಡಬಲ್ಲ ಸಾಧನ ಆ ಕಟ್ಟಡದಲ್ಲೇ ಇತ್ತು.

ಇದೇ ಆಯೋಗವು 2018ರಲ್ಲಿ ತಿದ್ದಿದ ನಿಯಮ ಸ್ಥಾನದ ಮಹತ್ವವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅದಕ್ಕೆ ಮೊದಲು ನಿಗದಿತ ಡೋಸಿಗಿಂತ 20 ಪ್ರತಿಶತ ವ್ಯತ್ಯಾಸವಾದರೆ ಅದನ್ನು ವರದಿ ಮಾಡಬೇಕಾದ ಘಟನೆಯೆಂದು ಪರಿಗಣಿಸುತ್ತಿದ್ದರು. ಗ್ರಂಥಿ ಎಷ್ಟು ಊದಿತು, ಗಡಿಯನ್ನು ಯಾರು ಬರೆದರು ಎಂಬ, ವೈದ್ಯರ ಹಿಡಿತದಲ್ಲಿಲ್ಲದ ಕಾರಣಗಳಿಂದಲೂ ಡೋಸ್ ಬದಲಾಗುವುದರಿಂದ, ಶಾಶ್ವತ ಸೀಡ್‌ಗಳ ಮಟ್ಟಿಗೆ ಅಳತೆಗೋಲನ್ನೇ ಬದಲಿಸಿದರು. ಈಗ ಮುಖ್ಯವಾಗಿ ಕೇಳುವುದು ಒಟ್ಟು ಮೂಲಶಕ್ತಿಯಲ್ಲಿ ಎಷ್ಟು ಭಾಗ ಚಿಕಿತ್ಸೆಯ ಜಾಗದಿಂದ ಹೊರಗೆ ಬಿದ್ದಿದೆ ಎಂಬುದನ್ನು. 20 ಪ್ರತಿಶತವನ್ನು ಮೀರಿದರೆ ವರದಿ ಕಡ್ಡಾಯ. ಇದು ನ್ಯಾಯವಾದ ಬದಲಾವಣೆಯೆಂದೇ ನನ್ನ ಭಾವನೆ.

ಇನ್ನು ಇರಿಡಿಯಂ ಮೂಲದ ಚಿಕಿತ್ಸೆ. ಇಲ್ಲಿ ಸಮಯದ ಪ್ರಶ್ನೆ ತಲೆಕೆಳಗಾಗುತ್ತದೆ. ಹೊಸ ಮೂಲದ ಶಕ್ತಿ ಸುಮಾರು 10 ಕ್ಯೂರಿ. ಒಂದು ಸರದಿಯಲ್ಲಿ 15 ಗ್ರೇಯಷ್ಟು ಡೋಸನ್ನು ಅದು ನಿಮಿಷಗಳಲ್ಲಿ ಕೊಟ್ಟು ಮುಗಿಸುತ್ತದೆ. ಮೂವತ್ತು ದಿನ ಕಾದು ನೋಡುವ ಮಾತೇ ಇಲ್ಲ. ಗುಂಡಿ ಒತ್ತುವ ಮೊದಲು ತಿಳಿಯದಿದ್ದದ್ದು ನಂತರ ತಿಳಿದು ಪ್ರಯೋಜನವಿಲ್ಲ. ಅದೃಷ್ಟವಶಾತ್ ಇಲ್ಲಿ ಸೂಜಿಗಳನ್ನು ಹಾಕಿದ ಮೇಲೆ ಚಿತ್ರ ತೆಗೆದು, ಅವು ಇರುವ ಜಾಗಕ್ಕೆ ತಕ್ಕಂತೆ ಮೂಲ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಯೋಜಿಸಬಹುದು. ಸೂಜಿ ಸ್ವಲ್ಪ ಓರೆಯಾಗಿ ಹೋಗಿದ್ದರೂ ನಿಲುಗಡೆಯ ಸಮಯವನ್ನು ಹೊಂದಿಸಿ ಸರಿದೂಗಿಸುವ ಈ ಅವಕಾಶ ಶಾಶ್ವತ ಸೀಡ್‌ಗಳಲ್ಲಿಲ್ಲ. ಆದರೆ ಆ ಯೋಜನೆ ನಿಜವಾಗಿರುವುದು ಚಿತ್ರ ತೆಗೆದ ಕ್ಷಣದಲ್ಲಿದ್ದ ಸೂಜಿಗಳಿಗೆ ಮಾತ್ರ.

ಸೂಜಿಗಳು ಚಿತ್ರ ತೆಗೆದ ಮೇಲೆ ಸರಿಯುತ್ತವೆ ಎಂಬುದು ಈ ಕ್ಷೇತ್ರದಲ್ಲಿ ಚೆನ್ನಾಗಿ ದಾಖಲಾದ ಸಂಗತಿ. ರೋಗಿಯ ಕಾಲುಗಳನ್ನು ಮೇಲೆತ್ತಿದ ಭಂಗಿಯಿಂದ ಕೆಳಗಿಳಿಸಿದಾಗ, ಸಿ.ಟಿ. ಮೇಜಿಗೆ ವರ್ಗಾಯಿಸಿದಾಗ, ಟೆಂಪ್ಲೇಟಿಗೂ ಗ್ರಂಥಿಗೂ ನಡುವಿನ ಅಂಗಾಂಶ ಊದಿದಾಗ, ಗ್ರಂಥಿಗೆ ಹೋಲಿಸಿದರೆ ಸೂಜಿಗಳು ಕಾಲಿನ ದಿಕ್ಕಿಗೆ ಇಳಿದಂತಾಗುತ್ತವೆ. ಒಮ್ಮೆ ಹಾಕಿದ ಸೂಜಿಗಳಿಂದಲೇ ಎರಡು ದಿನ ಚಿಕಿತ್ಸೆ ಕೊಡುವ ವಿಧಾನದಲ್ಲಿ ಮೊದಲ ಮತ್ತು ಎರಡನೆಯ ಸರದಿಗಳ ನಡುವೆ ಸರಾಸರಿ ಸುಮಾರು ಒಂದು ಸೆಂಟಿಮೀಟರಿನಷ್ಟು ಸರಿದದ್ದನ್ನು ಕಂಡ ಅಧ್ಯಯನಗಳಿವೆ. ಹಾಗೆ ಸರಿದ ಸೂಜಿಗಳಿಗೆ ಹಳೆಯ ಯೋಜನೆಯನ್ನೇ ಬಳಸಿದರೆ ಗ್ರಂಥಿಯ ಬುಡ ಡೋಸ್ ಇಲ್ಲದೆ ಉಳಿಯುತ್ತದೆ, ಕೆಳಗಿನ ಮೂತ್ರನಾಳಕ್ಕೆ ಅನಗತ್ಯವಾಗಿ ಹೆಚ್ಚು ಬೀಳುತ್ತದೆ. ಪ್ರತಿ ಸರದಿಯ ಮೊದಲು ಹೊಸದಾಗಿ ಚಿತ್ರ ತೆಗೆದು, ಗ್ರಂಥಿಯಲ್ಲಿಟ್ಟ ಚಿನ್ನದ ಗುರುತುಗಳಿಂದ ಸೂಜಿಯ ತುದಿಗಳು ಎಷ್ಟು ದೂರದಲ್ಲಿವೆ ಎಂದು ಅಳೆದು, 3 ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಸೂಜಿಗಳನ್ನು ಮರಳಿ ಸರಿಪಡಿಸುವುದನ್ನೋ ಯೋಜನೆಯನ್ನು ಮತ್ತೆ ಮಾಡುವುದನ್ನೋ ಆಯ್ದುಕೊಳ್ಳುವುದು ಎಚ್ಚರದ ಕ್ರಮ. ಮೂಲ ನಿಲ್ಲುವ ಜಾಗವನ್ನು ತುದಿಯ ಕಡೆಗೆ ಸರಿಸಿ ಸರಿದೂಗಿಸಬೇಕೆಂದರೆ ಆ ಕಡೆ ಸೂಜಿ ಇರಬೇಕಷ್ಟೆ. ಸೂಜಿ ತೀರಾ ಕೆಳಗಿಳಿದಿದ್ದರೆ ಅದಕ್ಕೂ ದಾರಿಯಿಲ್ಲ. ಅಲ್ಟ್ರಾಸೌಂಡಿನ ಮೇಲೆಯೇ ಯೋಜಿಸಿ, ರೋಗಿಯನ್ನು ಅಲುಗಾಡಿಸದೆ ಅದೇ ಮೇಜಿನ ಮೇಲೆ ಚಿಕಿತ್ಸೆ ಮುಗಿಸುವ ವಿಧಾನ ಹೆಚ್ಚುತ್ತಿರುವುದಕ್ಕೆ ಇದೂ ಒಂದು ಕಾರಣ.

ಆ ವಿಧಾನಕ್ಕೂ ಅದರದೇ ಆದ ತೊಡಕಿದೆ. ಅಲ್ಟ್ರಾಸೌಂಡಿನಲ್ಲಿ ಸೂಜಿಯ ತುದಿ ಮಸುಕಾಗಿರುತ್ತದೆ, ಮುಂದಿರುವ ಸೂಜಿ ಹಿಂದಿನದನ್ನು ಮರೆಮಾಡುತ್ತದೆ. ಇದಕ್ಕೆ ಸರಳವೂ ವಿಶ್ವಾಸಾರ್ಹವೂ ಆದ ಉಪಾಯವೊಂದಿದೆ: ಸೂಜಿಯ ಒಟ್ಟು ಉದ್ದ ಮೊದಲೇ ಗೊತ್ತಿರುವುದರಿಂದ, ಟೆಂಪ್ಲೇಟಿನ ಹೊರಗೆ ಉಳಿದ ಭಾಗವನ್ನು ಅಳೆದು ಕಳೆದರೆ ತುದಿ ಎಷ್ಟು ಆಳದಲ್ಲಿದೆ ಎಂಬುದು ಚಿತ್ರವನ್ನು ಅವಲಂಬಿಸದೆ ತಿಳಿಯುತ್ತದೆ. ದೇಹದೊಳಗಿರುವ ಸೂಜಿಯ ತುದಿಗೂ ಮೂಲ ನಿಲ್ಲಬಲ್ಲ ಮೊದಲ ಸ್ಥಾನದ ಮಧ್ಯಬಿಂದುವಿಗೂ ನಡುವಿನ ಅಂತರವನ್ನು ಆಯಾ ಬಗೆಯ ಸೂಜಿಗೆ ಮೊದಲೇ ಅಳೆದಿಟ್ಟುಕೊಂಡು ಲೆಕ್ಕಕ್ಕೆ ಸೇರಿಸಬೇಕು. ಅದನ್ನು ಮರೆತರೆ ಎಲ್ಲ ಸೂಜಿಗಳಲ್ಲೂ ಒಂದೇ ದಿಕ್ಕಿನ ತಪ್ಪು ಸೇರಿಕೊಳ್ಳುತ್ತದೆ.

ಇಲ್ಲಿ ಯಂತ್ರವು ಏನನ್ನು ತಿಳಿದಿದೆ, ಏನನ್ನು ತಿಳಿದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು. ಮೂಲವನ್ನು ಕಳುಹಿಸುವ ಮೊದಲು ಯಂತ್ರ ವಿಕಿರಣವಿಲ್ಲದ ತಂತಿಯನ್ನು ಪ್ರತಿ ಸೂಜಿಯೊಳಗೂ ಓಡಿಸಿ ದಾರಿಯಲ್ಲಿ ತಡೆಯಿಲ್ಲವೆಂದು ನೋಡಿಕೊಳ್ಳುತ್ತದೆ. ಮೂಲವನ್ನು ಸುಮಾರು ಒಂದು ಮಿಲಿಮೀಟರಿನ ನಿಖರತೆಯಲ್ಲಿ ನಿಲ್ಲಿಸುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ತಾನು ಎಷ್ಟು ಉದ್ದದ ತಂತಿಯನ್ನು ಹೊರಬಿಟ್ಟಿದ್ದೇನೆ ಎಂಬುದು ಮಾತ್ರ. ಆ ತಂತಿ ಹೋದ ನಳಿಕೆಯನ್ನು ಏಳನೆಯ ಸೂಜಿಗೆ ಬದಲಾಗಿ ಎಂಟನೆಯದಕ್ಕೆ ಜೋಡಿಸಿದ್ದರೆ, ಅಥವಾ ಸೂಜಿಯೇ ಗ್ರಂಥಿಯಿಂದ ಕೆಳಗೆ ಇಳಿದಿದ್ದರೆ, ಪರದೆಯ ಮೇಲೆ ಎಲ್ಲವೂ ಸರಿಯಾಗಿದೆ ಎಂದೇ ಬರುತ್ತದೆ. ಹೀಗಾಗಿ ನಳಿಕೆಗಳ ಜೋಡಣೆಯನ್ನು ಇಬ್ಬರು ಪ್ರತ್ಯೇಕವಾಗಿ, ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಾ ನೋಡುವ ಪದ್ಧತಿ ಅನಿವಾರ್ಯ. ಅವಸರವಿದ್ದ ದಿನವೂ ಇದನ್ನು ಬಿಡಬಾರದು. ತಪ್ಪಾಗುವುದೂ ಅಂಥ ದಿನವೇ.

ಚಿಕಿತ್ಸೆ ನಡೆಯುತ್ತಿರುವಾಗಲೇ ಮೂಲದ ಸ್ಥಾನವನ್ನು ಸ್ವತಂತ್ರವಾಗಿ ಅಳೆಯುವ ಪ್ರಯತ್ನಗಳ ಬಗ್ಗೆ ನನಗೆ ದೊಡ್ಡ ಭರವಸೆಯಿದೆ. ಮೂತ್ರನಾಳದ ಕ್ಯಾಥೆಟರಿನಲ್ಲಿ ಅಥವಾ ಗುದನಾಳದಲ್ಲಿ ಡಯೋಡ್, ಮಾಸ್‌ಫೆಟ್, ಪ್ಲಾಸ್ಟಿಕ್ ಸಿಂಟಿಲೇಟರ್‌ನಂಥ ಸಣ್ಣ ಪತ್ತೆಕಾರಕಗಳನ್ನಿಟ್ಟು ಡೋಸನ್ನು ನೇರವಾಗಿ ಅಳೆಯಬಹುದು. ಇದರ ಕಷ್ಟವೆಂದರೆ ಡೋಸ್ ಅಷ್ಟು ಕಡಿದಾಗಿ ಇಳಿಯುವ ಜಾಗದಲ್ಲಿ ಪತ್ತೆಕಾರಕವೇ ಒಂದೆರಡು ಮಿಲಿಮೀಟರ್ ಸರಿದಿದ್ದರೂ ಅಂಕಿ ಬಹಳ ಬದಲಾಗುತ್ತದೆ. ತಪ್ಪು ಮೂಲದ್ದೋ ಪತ್ತೆಕಾರಕದ್ದೋ ಎಂದು ಹೇಳುವುದು ಕಷ್ಟವಾಗುತ್ತದೆ. ಒಟ್ಟು ಡೋಸನ್ನು ಕೊನೆಯಲ್ಲಿ ಓದುವ ಬದಲು ಪ್ರತಿ ಕ್ಷಣದ ಸಂಕೇತವನ್ನು ಓದುವ ಪತ್ತೆಕಾರಕಗಳು ಹೆಚ್ಚು ಉಪಯುಕ್ತ, ಏಕೆಂದರೆ ಮೂಲ ಯಾವ ಸೂಜಿಗೆ ಹೋಗಿದೆ ಎಂಬುದು ಆ ಸಂಕೇತದ ಏರಿಳಿತದಲ್ಲಿ ಕಾಣುತ್ತದೆ, ಜೋಡಣೆ ತಪ್ಪಾಗಿದ್ದರೆ ಮೊದಲ ಸೂಜಿಗಳಲ್ಲಿಯೇ ನಿಲ್ಲಿಸಬಹುದು. ಇರಿಡಿಯಂ ಹೊರಸೂಸುವ ಗಾಮಾ ಕಿರಣಗಳನ್ನೇ ರೋಗಿಯ ದೇಹದಾಚೆ ಚಪ್ಪಟೆ ಪತ್ತೆಫಲಕದಲ್ಲಿ ಹಿಡಿದು ಮೂಲದ ಜಾಡನ್ನು ಗುರುತಿಸುವ, ವಿದ್ಯುತ್ಕಾಂತೀಯ ಸಂವೇದಕವನ್ನು ಸೂಜಿಯೊಳಗೆ ಓಡಿಸಿ ಅದರ ಮೂರು ಆಯಾಮದ ಆಕಾರವನ್ನು ಪಡೆಯುವ ವಿಧಾನಗಳೂ ಪರೀಕ್ಷೆಗೊಳಗಾಗಿವೆ.

ಮೂಲ ಎಲ್ಲಿದೆ ಎಂಬ ಪ್ರಶ್ನೆ ಚಿಕಿತ್ಸೆ ಮುಗಿದ ಮೇಲೂ ಒಮ್ಮೆ ಕೇಳಲೇಬೇಕಾದದ್ದು. 1992ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಇಂಡಿಯಾನಾ ಎಂಬ ಪಟ್ಟಣದಲ್ಲಿ, ಪ್ರಾಸ್ಟೇಟ್ ಅಲ್ಲದ ಬೇರೊಂದು ಕ್ಯಾನ್ಸರಿಗೆ ಇದೇ ಬಗೆಯ ಚಿಕಿತ್ಸೆ ಪಡೆಯುತ್ತಿದ್ದ ವೃದ್ಧೆಯೊಬ್ಬರ ದೇಹದಲ್ಲಿ ಇರಿಡಿಯಂ ಮೂಲ ತಂತಿಯಿಂದ ಮುರಿದು ಉಳಿದುಕೊಂಡಿತು. ಕೊಠಡಿಯ ವಿಕಿರಣ ಮಾಪಕ ಎಚ್ಚರಿಕೆ ಕೊಡುತ್ತಲೇ ಇತ್ತು. ಯಂತ್ರದ ಪರದೆ ಮೂಲ ಸುರಕ್ಷಿತವಾಗಿ ಒಳಗಿದೆ ಎಂದು ತೋರಿಸಿದ್ದರಿಂದ ಸಿಬ್ಬಂದಿ ಮಾಪಕವೇ ಕೆಟ್ಟಿದೆಯೆಂದು ಭಾವಿಸಿದರು. ಕೈಮಾಪಕದಿಂದ ರೋಗಿಯನ್ನು ಪರೀಕ್ಷಿಸಲಿಲ್ಲ. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮೂಲ ಪತ್ತೆಯಾದದ್ದು ಮುಂದೆ ಆಸ್ಪತ್ರೆಯ ತ್ಯಾಜ್ಯವನ್ನು ಸಾಗಿಸಿದ ಜಾಗದ ವಿಕಿರಣ ಮಾಪಕದಲ್ಲಿ. ಯಂತ್ರದ ಮಾತನ್ನು ಯಂತ್ರದಿಂದಲೇ ದೃಢಪಡಿಸಿಕೊಳ್ಳಲು ಹೊರಟರೆ ಅದು ಪರಿಶೀಲನೆಯಾಗುವುದಿಲ್ಲ. ಪ್ರತಿ ಸರದಿಯ ನಂತರ ಕೈಮಾಪಕವನ್ನು ರೋಗಿಯ ಮೈಮೇಲೆ ಹಾಯಿಸಿ, ಓದಿದ ಅಂಕಿಯನ್ನು ಬರೆದಿಟ್ಟು, ಆಮೇಲೆ ಅವರನ್ನು ಕೊಠಡಿಯಿಂದ ಕಳುಹಿಸುವುದು ಒಂದು ನಿಮಿಷದ ಕೆಲಸ.

ಈ ಚಿಕಿತ್ಸೆಗೆ ಹೋಗುತ್ತಿರುವವರು ಮತ್ತು ಅವರ ಮನೆಯವರು ತಮ್ಮ ವೈದ್ಯರನ್ನು ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಬಹುದು. ಸೀಡ್ ಹಾಕಿದ್ದರೆ ನಂತರದ ಸಿ.ಟಿ. ಯಾವ ದಿನ, ಅದರ ಡಿ-90 ಮತ್ತು ಗುದನಾಳ, ಮೂತ್ರನಾಳಗಳ ಡೋಸ್ ಎಷ್ಟು ಬಂದಿತು, ಗ್ರಂಥಿಯ ಯಾವ ಭಾಗಕ್ಕಾದರೂ ಕಡಿಮೆಯಾಗಿದೆಯೇ ಎಂದು ಕೇಳಬೇಕು. ಇರಿಡಿಯಂ ಚಿಕಿತ್ಸೆಯಾದರೆ ಯೋಜನೆಗೂ ಚಿಕಿತ್ಸೆಗೂ ನಡುವೆ, ಹಾಗೂ ಎರಡು ಸರದಿಗಳ ನಡುವೆ, ಸೂಜಿಗಳನ್ನು ಮತ್ತೆ ಚಿತ್ರ ತೆಗೆದು ನೋಡುತ್ತೀರಾ ಎಂದು ಕೇಳಬೇಕು. ಒಳ್ಳೆಯ ತಂಡ ಇದನ್ನು ಅಪನಂಬಿಕೆಯೆಂದು ತಿಳಿಯುವುದಿಲ್ಲ. ಉತ್ತರ ಅವರ ಕಡತದಲ್ಲಿ ಸಿದ್ಧವಾಗಿಯೇ ಇರುತ್ತದೆ. ಸೀಡ್ ಹಾಕಿಸಿಕೊಂಡವರು ಮೂಲದ ಹೆಸರು, ಹಾಕಿದ ದಿನಾಂಕ, ಸೀಡ್‌ಗಳ ಸಂಖ್ಯೆ, ಒಟ್ಟು ಶಕ್ತಿ ಮತ್ತು ನಂತರದ ಡೋಸ್ ವರದಿಯ ಪ್ರತಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದು ಅಗತ್ಯ. ಮುಂದೆಂದಾದರೂ ಆ ಭಾಗಕ್ಕೆ ಶಸ್ತ್ರಚಿಕಿತ್ಸೆಯೋ ಹೊರಗಿನಿಂದ ವಿಕಿರಣವೋ ಬೇಕಾದಾಗ, ಚಿಕಿತ್ಸೆ ನೀಡಿದ ಆಸ್ಪತ್ರೆ ದೂರವಿದ್ದರೂ ಹೊಸ ವೈದ್ಯರಿಗೆ ಮೊದಲು ಬೇಕಾಗುವುದು ಅದೇ ಕಾಗದ.